ಎಎಫ್‌ಸಿ ಕಪ್ ನಾಕೌಟ್ ಹಂತದಲ್ಲಿ ಬೆಂಗಳೂರು ಎಫ್‌ಸಿ, 2015–2018: ಒಂದು ಟಿಪ್ಪಣಿ

1. ವ್ಯಾಪ್ತಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಪಂದ್ಯಾಟಗಳಲ್ಲಿ ‘ನಾಕೌಟ್’ ಎಂದರೆ ಸಾಮಾನ್ಯವಾಗಿ ಒಂದೇ ಪಂದ್ಯ. ಸೋತ ತಂಡ ಹೊರಗೆ. ಎಎಫ್‌ಸಿ ಕಪ್‌ಗೆ ಈ ಅರ್ಥ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಹಲವು ಸುತ್ತುಗಳು ತವರಿನಲ್ಲೊಂದು, ಎದುರಾಳಿಯ ನೆಲದಲ್ಲೊಂದು ಎಂಬ ಎರಡು ಪಂದ್ಯಗಳವು. ಆದ್ದರಿಂದ ಇಲ್ಲಿ ‘ಪಂದ್ಯ’ ಮತ್ತು ‘ಮುಖಾಮುಖಿ’ಗಳನ್ನು ಬೇರೆಬೇರೆಯಾಗಿ ಎಣಿಸಲಾಗಿದೆ. ಗುಂಪು ಹಂತದ ನಂತರದ ಪಂದ್ಯಗಳಷ್ಟೇ ಲೆಕ್ಕಕ್ಕೆ. 2017 ಮತ್ತು 2018ರ ಅಂತರವಲಯ ಸುತ್ತುಗಳೂ ಇದರಲ್ಲಿ ಸೇರಿವೆ.

2. ಫಲಿತಾಂಶಗಳು

2015ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನ ಸೌತ್ ಚೈನಾ ವಿರುದ್ಧ ತವರಿನಲ್ಲಿ 0–2 ಸೋಲು. ಅದೇ ತಿಂಗಳ 31ರಂದು ಐ-ಲೀಗ್ ಪ್ರಶಸ್ತಿ ನಿರ್ಧರಿಸುವ ಪಂದ್ಯ ಮೋಹನ್ ಬಾಗಾನ್ ವಿರುದ್ಧ ನಿಗದಿಯಾಗಿತ್ತು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

2016ರಲ್ಲಿ ಕಿಟ್ಚೀ ವಿರುದ್ಧ ಹಾಂಗ್‌ಕಾಂಗ್‌ನಲ್ಲಿ 3–2. ಸಿಂಗಪುರದ ಟ್ಯಾಂಪೈನ್ಸ್ ರೋವರ್ಸ್ ವಿರುದ್ಧ 1–0, 0–0. ಸೆಮಿಫೈನಲ್ ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅಲ್ಲಿ 1–1. ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲ ಗೋಲು ಜೊಹೊರ್‌ನದು. ನಂತರ ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು ಗೋಲು ಹೊಡೆದು 3–1. ಭಾರತದ ಕ್ಲಬ್ ಒಂದು ಈ ಟೂರ್ನಿಯ ಫೈನಲ್ ತಲುಪಿದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ಅಲ್ ಕುವಾ ಅಲ್ ಜಾವಿಯಾಗೆ 0–1 ಸೋಲು. ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅಮಾನತಿನಿಂದಾಗಿ ಆ ದಿನ ಆಡಲಿಲ್ಲ.

2017ರಲ್ಲಿ ಉತ್ತರ ಕೊರಿಯಾದ ಏಪ್ರಿಲ್ 25 ವಿರುದ್ಧ 3–0, 0–0. ತಜಿಕಿಸ್ತಾನದ ಇಸ್ತಿಕ್ಲೋಲ್ ವಿರುದ್ಧ 0–1, 2–2. 2018ರ ಆಗಸ್ಟ್‌ನಲ್ಲಿ ತುರ್ಕ್‌ಮೆನಿಸ್ತಾನದ ಅಲ್ತಿನ್ ಅಸಿರ್ ವಿರುದ್ಧ 2–3, 0–2.

3. ಎಣಿಕೆ

ಒಟ್ಟು 8 ಮುಖಾಮುಖಿ: 4 ಗೆಲುವು, 4 ಸೋಲು. ಒಟ್ಟು 13 ಪಂದ್ಯ: 4 ಗೆಲುವು, 4 ಡ್ರಾ, 5 ಸೋಲು. ಹೊಡೆದ ಗೋಲು 15, ಬಿಟ್ಟುಕೊಟ್ಟದ್ದೂ 15. ಗೆದ್ದ ಮುಖಾಮುಖಿಗಳಲ್ಲಿ ಗೋಲುಗಳು 11–4, ಸೋತವುಗಳಲ್ಲಿ 4–11. ಈ ಸರಿಸಮ ಆಕಸ್ಮಿಕವಿರಬಹುದು; ಇಷ್ಟು ಸಣ್ಣ ಮೊತ್ತದಿಂದ ನಿಯಮ ಹೊರಡಿಸಲಾಗದು.

ಹೆಚ್ಚು ಗಮನಾರ್ಹವಾದದ್ದು ಹೊರನೆಲದ ಅಂಕಿ. ಎರಡು ಪಂದ್ಯಗಳ ಐದು ಮುಖಾಮುಖಿಗಳಲ್ಲಿ ಎದುರಾಳಿಯ ನೆಲದಲ್ಲಿ ಬಂದ ಗೋಲು ಒಂದೇ, ಜೊಹೊರ್‌ನಲ್ಲಿ ಯುಜೆನೆಸನ್ ಲಿಂಗ್ಡೋ ಹೊಡೆದದ್ದು.

4. ಒಂದು ವ್ಯತ್ಯಾಸ

2020ರ ಫೆಬ್ರವರಿಯ ಮಾಲ್ಡೀವ್ಸ್‌ನ ಮಾಜಿಯಾ ವಿರುದ್ಧದ ಪ್ಲೇಆಫ್ ಗುಂಪು ಹಂತಕ್ಕೆ ಮೊದಲಿನದು, ಇಲ್ಲಿ ಸೇರಿಲ್ಲ. ಸೇರಿಸುವವರು ಎಚ್ಚರ ವಹಿಸಬೇಕು. ಮೊದಲ ಪಂದ್ಯ 1–2. ತವರಿನ ಎರಡನೆಯದು ಹೆಚ್ಚುವರಿ ಅವಧಿಯ ನಂತರ 3–2. ಒಟ್ಟು 4–4 ಆಗಿ, ಪೆನಾಲ್ಟಿಯಲ್ಲಿ 3–4. ಅಂದರೆ ಎರಡನೆಯದು ಪಂದ್ಯದ ಲೆಕ್ಕದಲ್ಲಿ ಗೆಲುವು, ಮುಖಾಮುಖಿಯ ಲೆಕ್ಕದಲ್ಲಿ ಸೋಲು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಮೊತ್ತ ತಪ್ಪುತ್ತದೆ.

5. ವಿವೇಚನೆ

ಆ ವರ್ಷಗಳಲ್ಲಿ ಆಗಸ್ಟ್–ಸೆಪ್ಟೆಂಬರ್ ವೇಳೆಗೆ ಭಾರತದ ಲೀಗ್ ಋತು ಸಾಮಾನ್ಯವಾಗಿ ಇನ್ನೂ ಆರಂಭವಾಗಿರುತ್ತಿರಲಿಲ್ಲ. ಅಭ್ಯಾಸದ ಕೊರತೆಯೇ ಸೋಲಿಗೆ ಕಾರಣ ಎಂದು ವಾದಿಸಬಹುದು. 2018ಕ್ಕೆ ಇದು ಬಹುಶಃ ಸಲ್ಲುತ್ತದೆ. ಆದರೆ 2016ರ ಸೆಪ್ಟೆಂಬರ್‌ನಲ್ಲೂ ಸ್ಥಿತಿ ಅದೇ ಆಗಿದ್ದು, ತಂಡ ಟ್ಯಾಂಪೈನ್ಸ್ ರೋವರ್ಸನ್ನು ದಾಟಿತ್ತು. ಋತುಮಾನವೊಂದರಿಂದಲೇ ಎಲ್ಲವನ್ನೂ ವಿವರಿಸುವುದು ಸರಿಯೆನಿಸುವುದಿಲ್ಲ.

ಎದುರಾಳಿಗಳ ಮುಂದಿನ ನಡೆಯನ್ನೂ ನೋಡಬೇಕು. ಅಲ್ ಕುವಾ ಅಲ್ ಜಾವಿಯಾ 2016, 2017, 2018ರಲ್ಲಿ ಸತತವಾಗಿ ಕಪ್ ಗೆದ್ದಿತು. 2017ರ ಫೈನಲ್‌ನಲ್ಲಿ ಅದಕ್ಕೆ ಸೋತದ್ದು ಇಸ್ತಿಕ್ಲೋಲ್, 2018ರಲ್ಲಿ ಅಲ್ತಿನ್ ಅಸಿರ್. 2016ರಿಂದ ಮೂರು ವರ್ಷ ಬೆಂಗಳೂರನ್ನು ಹೊರಗಟ್ಟಿದವರೆಲ್ಲ ಆಯಾ ವರ್ಷದ ಚಾಂಪಿಯನ್ ಅಥವಾ ರನ್ನರ್‌ಅಪ್. ‘ನಿರಾಶಾದಾಯಕ’ ಎಂಬ ವಿಶೇಷಣ 2015ಕ್ಕೆ ಒಪ್ಪಬಹುದು; ಉಳಿದ ಮೂರಕ್ಕೆ ಒಪ್ಪುವುದು ಕಷ್ಟ.

2018ರ ಆಗಸ್ಟ್ ನಂತರ ಕ್ಲಬ್ ಈ ಹಂತ ತಲುಪಲಿಲ್ಲ. 2023–24ರ ಆವೃತ್ತಿಯೊಂದಿಗೆ ಎಎಫ್‌ಸಿ ಕಪ್ ಎಂಬ ಹೆಸರಿನ ಟೂರ್ನಿಯೇ ಮುಗಿಯಿತು.