ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ: ಚರಿತ್ರೆ ಮತ್ತು ವಾಸ್ತು

ಹೊಯ್ಸಳ ವಾಸ್ತುವಿನ ಚರಿತ್ರೆಯನ್ನು ಕ್ರಿ.ಶ. 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಿಂದ ಆರಂಭಿಸುವುದು ರೂಢಿ. ರಾಜನೇ ನಿರ್ಮಾಪಕ, ರಾಜಧಾನಿಯೇ ನೆಲೆ, ವಿಜಯವೇ ಪ್ರೇರಣೆ ಎಂಬ ಗ್ರಹಿಕೆ ಇದರಿಂದ ಬೆಳೆದುಬಂದಿದೆ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಕೆರೆಯ ಮಗ್ಗುಲಲ್ಲಿರುವ ಲಕ್ಷ್ಮೀದೇವಿ ದೇವಾಲಯವು ಈ ಗ್ರಹಿಕೆಯನ್ನು ಮರುಪರಿಶೀಲಿಸುವಂತೆ ಮಾಡುತ್ತದೆ.

ಇಲ್ಲಿಯ ಶಾಸನದ ಪ್ರಕಾರ ದೇವಾಲಯವು ವಿಷ್ಣುವರ್ಧನನ ಆಳ್ವಿಕೆಯಲ್ಲಿ, ಕ್ರಿ.ಶ. 1113-14ರ ವೇಳೆಗೆ ನಿರ್ಮಾಣವಾಯಿತು. ತಲಕಾಡಿನ ವಿಜಯ ಇನ್ನೂ ಪೂರ್ಣಗೊಂಡಿರಲಿಲ್ಲ; ಹೊಯ್ಸಳರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿಯೇ ಇದ್ದರು. ದೇವಾಲಯವನ್ನು ಕಟ್ಟಿಸಿದವರು ಅರಸರಲ್ಲ, ದಂಡನಾಯಕರೂ ಅಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಪತ್ನಿ ಸಹಜಾದೇವಿ. ‘ರಾಹುತ’ ಎಂಬುದು ಕುದುರೆಸವಾರನನ್ನು ಸೂಚಿಸುವ ಪದ. ವರ್ತಕನೊಬ್ಬನ ಹೆಸರಿನಲ್ಲಿ ಅದು ಬಂದಿರುವುದು ಕುತೂಹಲಕರವಾದರೂ, ಅದೊಂದರ ಆಧಾರದಿಂದಲೇ ಅವನನ್ನು ಕುದುರೆ ವ್ಯಾಪಾರಿಯೆಂದು ತೀರ್ಮಾನಿಸುವುದು ಅವಸರವಾದೀತು. ದಾನಿಗಳ ಸಾಲಿನಲ್ಲಿ ಪತ್ನಿಯ ಹೆಸರೂ ದಾಖಲಾಗಿರುವುದು ಮಾತ್ರ ನಿಶ್ಚಿತವಾದ ಸಂಗತಿ.

ಶಾಸನವು ಈ ಸ್ಥಳವನ್ನು ‘ಅಭಿನವ ಕೊಲ್ಲಾಪುರ’ವೆಂದು ಕರೆಯುತ್ತದೆ. ಮಹಾಲಕ್ಷ್ಮಿಯ ಪ್ರಸಿದ್ಧ ಕ್ಷೇತ್ರವಾದ ಕೊಲ್ಲಾಪುರ ಅಂದು ಶಿಲಾಹಾರರ ಅಧೀನದಲ್ಲಿತ್ತು. ಅವರ ಬಿರುದುಗಳಲ್ಲಿಯೂ ಆ ದೇವಿಯ ವರಪ್ರಸಾದದ ಉಲ್ಲೇಖವಿದೆ. ದೂರದ ಕ್ಷೇತ್ರದ ದೇವಿಯನ್ನು ಮಲೆನಾಡಿನ ಅಂಚಿನ ಹಳ್ಳಿಗೆ ಬರಮಾಡಿಕೊಂಡವನು ವರ್ತಕನೆಂಬುದು ಆಕಸ್ಮಿಕವಿರಲಾರದು. ಸರಕು ಸಾಗಿದ ದಾರಿಗಳಲ್ಲಿ ದೈವಗಳೂ ಸಾಗಿಬಂದ ನಿದರ್ಶನಗಳು ಮಧ್ಯಯುಗದಲ್ಲಿ ವಿರಳವಲ್ಲ. ಆದರೆ ಹೆಸರು ಬಂದಂತೆ ರೂಪ ಬಂದಿಲ್ಲ. ಕೊಲ್ಲಾಪುರದ ಮೂರ್ತಿ ಮಾದಲ ಹಣ್ಣು, ಗದೆ, ಗುರಾಣಿ ಮತ್ತು ಪಾನಪಾತ್ರೆಗಳನ್ನು ಧರಿಸಿದ್ದರೆ, ಇಲ್ಲಿಯ ಸುಮಾರು ಮೂರು ಅಡಿ ಎತ್ತರದ ಚತುರ್ಭುಜೆ ಶಂಖ, ಚಕ್ರ, ಅಕ್ಷಮಾಲೆ ಮತ್ತು ಗದೆಗಳನ್ನು ಹಿಡಿದಿದ್ದಾಳೆ. ಶಾಕ್ತ ಪರಂಪರೆಯ ದೇವಿ ವೈಷ್ಣವ ಲಾಂಛನಗಳೊಡನೆ ನಿಂತಿರುವುದು ಮೂರ್ತಿಶಿಲ್ಪದ ಅಭ್ಯಾಸಿಗಳು ಗಮನಿಸತಕ್ಕ ಅಂಶ.

ಬಳಪದ ಕಲ್ಲಿನಲ್ಲಿ ಕಟ್ಟಿರುವ ಈ ದೇವಾಲಯ ಚತುಷ್ಕೂಟ. ಹೊಯ್ಸಳ ವಾಸ್ತುವಿನಲ್ಲಿ ಈ ವಿನ್ಯಾಸ ಅಪರೂಪ. ಮೂರು ಗರ್ಭಗೃಹಗಳು ಒಂಬತ್ತು ಅಂಕಣಗಳ ನವರಂಗಕ್ಕೆ ನೇರವಾಗಿ ಸೇರಿಕೊಂಡಿವೆ. ನಾಲ್ಕನೆಯದಕ್ಕೂ ನವರಂಗಕ್ಕೂ ನಡುವೆ ನೀಳವಾದ ಮುಂಚಾಚಿದ ಭಾಗವೊಂದಿದ್ದು, ಪ್ರವೇಶದ್ವಾರಗಳು ಅದರ ಎರಡು ಪಾರ್ಶ್ವಗಳಲ್ಲಿ ತೆರೆದುಕೊಳ್ಳುತ್ತವೆ. ನಾಲ್ಕು ದಿಕ್ಕುಗಳಲ್ಲಿಯೂ ದೇವರಿರುವಾಗ ಭಕ್ತರು ಒಳಬರುವುದೆಲ್ಲಿಂದ ಎಂಬ ತೊಡಕಿಗೆ ಶಿಲ್ಪಿ ಕಂಡುಕೊಂಡ ಪರಿಹಾರ ಇದು. ಸರಳವಾಗಿದೆ, ಸಮರ್ಪಕವಾಗಿಯೂ ಇದೆ. ಮುಂದಿನ ಕಾಲದ ಹೊಯ್ಸಳ ಗುಡಿಗಳ ಗುರುತಾದ ಎತ್ತರದ ಜಗತಿ ಇಲ್ಲಿಲ್ಲ. ಪ್ರಾಕಾರದೊಳಗೆ ಭೈರವನಿಗೆ ಪ್ರತ್ಯೇಕ ಗುಡಿಯಿದೆ. ಅಂಗಳದ ನಾಲ್ಕು ಮೂಲೆಗಳಲ್ಲಿಯೂ ಒಂದೊಂದು ಕಿರುಗುಡಿಯಿದೆ. ಹೀಗೆ ಒಂದೇ ಆವರಣದಲ್ಲಿ ಒಂಬತ್ತು ಶಿಖರಗಳು.

ಮುಖ್ಯ ಕಟ್ಟಡದ ನಾಲ್ಕು ಶಿಖರಗಳು ಒಂದೇ ಬಗೆಯವಲ್ಲ. ಮೂರು ಶಿಖರಗಳು ಕದಂಬ ನಾಗರ ಶೈಲಿಯವು. ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗುವ, ಅಲಂಕರಣವಿಲ್ಲದ ಸಮತಲ ಪಟ್ಟಿಕೆಗಳಿಂದ ರಚಿತವಾದವು. ಲಕ್ಷ್ಮೀದೇವಿಯ ಗರ್ಭಗೃಹದ ಮೇಲಿನ ಶಿಖರ ಮಾತ್ರ ಸೂಕ್ಷ್ಮ ಕೆತ್ತನೆಯುಳ್ಳ, ಮುಂದೆ ಹೊಯ್ಸಳ ಶೈಲಿಯೆಂದೇ ಹೆಸರಾದ ಬಗೆಯದು. ಇದನ್ನು ಶೈಲಿಯ ಅಪಕ್ವತೆಯೆಂದೋ ಸಂಕ್ರಮಣಾವಸ್ಥೆಯ ಗೊಂದಲವೆಂದೋ ಭಾವಿಸುವುದು ಸುಲಭ. ಆದರೆ ಅಲಂಕೃತ ಶಿಖರವನ್ನು ಕಟ್ಟಬಲ್ಲ ಶಿಲ್ಪಿಗಳಿಗೆ ಉಳಿದ ಮೂರನ್ನೂ ಹಾಗೆಯೇ ಕಟ್ಟುವುದು ಅಸಾಧ್ಯವಾಗಿರಲಿಲ್ಲ. ಪ್ರಧಾನ ದೇವತೆಯನ್ನು ಪರಿವಾರದಿಂದ ಬೇರ್ಪಡಿಸಿ ತೋರಿಸಲು ಎರಡು ಶೈಲಿಗಳನ್ನು ಬುದ್ಧಿಪೂರ್ವಕವಾಗಿ ಬಳಸಿಕೊಂಡರೆಂಬುದೇ ಹೆಚ್ಚು ಸಂಗತವೆನಿಸುತ್ತದೆ. ವೆಚ್ಚದ ಮಿತಿಯೂ ಕಾರಣವಾಗಿರಬಹುದು. ಆಗಲೂ ಆಯ್ಕೆ ದೇವಿಯ ಪರವಾಗಿಯೇ ನಡೆದಿದೆ. ಬೇಲೂರಿಗೆ ಮೂರು ನಾಲ್ಕು ವರ್ಷ ಮೊದಲೇ, ಹಳ್ಳಿಯೊಂದರಲ್ಲಿ, ಖಾಸಗಿ ದಾನದಿಂದ ಈ ಪ್ರಯೋಗ ನಡೆದಿದೆಯೆಂಬುದು ಮುಖ್ಯ.

ಗರ್ಭಗೃಹಗಳಲ್ಲಿ ಲಕ್ಷ್ಮಿಯೊಂದಿಗೆ ಭೂತನಾಥ ಲಿಂಗವೂ ಮಹಾಕಾಳಿಯೂ ಸ್ಥಾನ ಪಡೆದಿರುವುದರಿಂದ, ಪಂಥಗಳ ಎಲ್ಲೆಗಳು ಈ ಹಳ್ಳಿಯ ಆರಾಧನೆಯಲ್ಲಿ ಬಿಗಿಯಾಗಿರಲಿಲ್ಲವೆಂದು ತಿಳಿಯುತ್ತದೆ. ಕಾಳಿಯ ಸನ್ನಿಧಿಯ ಬಾಗಿಲಲ್ಲಿ ದ್ವಾರಪಾಲಕರ ಬದಲು ಎಲುಬಿನ ಹಂದರದಂತಿರುವ ಎರಡು ಬೇತಾಳಗಳು ನಿಂತಿವೆ. ಹೊಯ್ಸಳ ಶಿಲ್ಪವೆಂದೊಡನೆ ಮದನಿಕೆಯರನ್ನು ನೆನೆಯುವವರಿಗೆ ಈ ಭೀಭತ್ಸ ರೂಪಗಳು ಅನಿರೀಕ್ಷಿತ.

ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದ ಬಳಿಕ, ಆರ್. ನರಸಿಂಹಾಚಾರ್ಯರು 1919ರಲ್ಲಿ ಮೈಸೂರು ಪುರಾತತ್ತ್ವ ಮಾಲೆಯಲ್ಲಿ ಈ ದೇವಾಲಯವನ್ನು ಕುರಿತೇ ಒಂದು ಪುಸ್ತಿಕೆಯನ್ನು ಹೊರತಂದರು. ಅದೇ ಮಾಲೆಯಲ್ಲಿ ಇದಕ್ಕೆ ಮುಂಚೆ ಬಂದವು ಸೋಮನಾಥಪುರ ಮತ್ತು ಬೇಲೂರಿನ ಪುಸ್ತಿಕೆಗಳು. ಈ ಹಳ್ಳಿಯ ಗುಡಿಯನ್ನು ಅವುಗಳ ಸಾಲಿನಲ್ಲಿಯೇ ಪರಿಗಣಿಸಿದ ಅವರ ವಿವೇಚನೆ ಮುಂದಿನ ಅಧ್ಯಯನಗಳಲ್ಲಿ ಅಷ್ಟಾಗಿ ಮುಂದುವರಿಯಲಿಲ್ಲ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರ. ದೊಡ್ಡಗದ್ದವಳ್ಳಿಯ ದೇವಾಲಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದರೂ, 2020ರ ನವೆಂಬರಿನಲ್ಲಿ ಅಲ್ಲಿಯ ಮಹಾಕಾಳಿಯ ವಿಗ್ರಹ ಒಡೆದು ಚೂರಾಗಿ ಬಿದ್ದಿರುವುದು ಕಂಡುಬಂದಿತು. ಒಂಬತ್ತು ಶತಮಾನಗಳ ಕಾಲ ಬೇತಾಳಗಳ ಕಾವಲಿನಲ್ಲಿದ್ದ ಮೂರ್ತಿ ಅದು.