ಕಾರ್ಖಾನೆಯಿಂದ ಕಳಚಿಕೊಂಡ ಸೂಜಿ

ನೀಡಲ್ ಫೆಲ್ಟಿಂಗ್ ಕಲಿಯಲು ಹೊರಟವರ ಕೈಗೆ ಮೊದಲು ಸಿಗುವ ಸೂಜಿಗೆ ಕಣ್ಣಿರುವುದಿಲ್ಲ. ದಾರ ಪೋಣಿಸುವ ತೂತು ಇರಬೇಕಾದ ಕಡೆ ತುದಿ ಇಂಗ್ಲಿಷಿನ ಎಲ್ ಅಕ್ಷರದಂತೆ ಬಾಗಿರುತ್ತದೆ. ಹಿಡಿಯಲು ಅನುಕೂಲವಾಗಲಿ ಎಂದು ಬಾಗಿಸಿರಬೇಕು ಅನ್ನಿಸುತ್ತದೆ. ಆದರೆ ಹಿಡಿದು ನೋಡಿದರೆ ಅಷ್ಟೇನೂ ಹಿತವಿಲ್ಲ, ಅರ್ಧ ಗಂಟೆಯಲ್ಲಿ ಬೆರಳು ನೋಯುತ್ತದೆ. ಆ ಬಾಗು ಇರುವುದು ಯಂತ್ರದ ಹಲಗೆಗಾಗಿ. ಸಾವಿರಾರು ಸೂಜಿಗಳನ್ನು ಒತ್ತೊತ್ತಾಗಿ ನೆಟ್ಟ ಹಲಗೆಯಲ್ಲಿ ಒಂದೊಂದೂ ತಿರುಗದೆ, ಜಾರದೆ ಕೂರಬೇಕಾದರೆ ಅಂಥದೊಂದು ಕೊಕ್ಕೆ ಬೇಕು.

ಉಣ್ಣೆಯ ಉಂಡೆಯನ್ನು ಚುಚ್ಚಿ ಚುಚ್ಚಿ ಬೆಕ್ಕಿನ ಮರಿ, ಗೂಬೆ, ಅಣಬೆ ತಲೆಯ ಕುಳ್ಳರನ್ನು ಮಾಡುವ ಈ ಹವ್ಯಾಸದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಮಧ್ಯ ಏಷ್ಯಾದ ಅಲೆಮಾರಿಗಳಿಂದ ಶುರುಮಾಡುತ್ತಾರೆ. ಅದಕ್ಕೆ ಕಾರಣವೂ ಇದೆ. ಸೈಬೀರಿಯಾದ ಅಲ್ತಾಯ್ ಪರ್ವತಗಳ ಪಜಿರಿಕ್ ಕಣಿವೆಯಲ್ಲಿ ಕ್ರಿ.ಪೂ. 5ರಿಂದ 3ನೇ ಶತಮಾನದ ನಡುವಿನ ಸಮಾಧಿಗಳಿವೆ. ಅವುಗಳೊಳಗೆ ನೀರು ಇಳಿದು ಹೆಪ್ಪುಗಟ್ಟಿದ್ದರಿಂದ ಬಟ್ಟೆ, ಮರ, ತೊಗಲು ಎಲ್ಲ ಕೊಳೆಯದೆ ಉಳಿದವು. ಸೆರ್ಗೆಯ್ ರುಡೆಂಕೊ 1949ರಲ್ಲಿ ಅಲ್ಲಿನ ಐದನೆಯ ದಿಬ್ಬವನ್ನು ಅಗೆದಾಗ ಒಂದು ರಥ, ಈಗ ಜಗತ್ಪ್ರಸಿದ್ಧವಾಗಿರುವ ಒಂದು ಗಂಟುಹಾಕಿದ ರತ್ನಗಂಬಳಿ, ಅದರ ಜೊತೆಗೆ ಫೆಲ್ಟ್‌ನಿಂದ ಮಾಡಿದ ಹಂಸಗಳೂ ಸಿಕ್ಕವು. ಬಿಳಿಯ ಮೈ, ಕಪ್ಪು ಕೊಕ್ಕು, ಒಳಗೆ ಜಿಂಕೆಯ ಕೂದಲು ತುಂಬಿದ್ದಾರೆ. ರಥದ ಮೇಲ್ಕಟ್ಟಿನ ಅಲಂಕಾರಕ್ಕೆ ಇದ್ದವೆಂದು ವಿದ್ವಾಂಸರ ಊಹೆ. ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಚಿತ್ರ ನೋಡಿದವರಿಗೆ ಎರಡು ಸಾವಿರ ವರ್ಷದ ಹಿಂದಿನದು ಎಂದು ನಂಬುವುದು ಕಷ್ಟ. ಕತ್ತಿನ ಬಾಗಿನಲ್ಲಿ ಇವತ್ತಿನ ಯಾವುದೋ ಮಗುವಿನ ಆಟಿಕೆಯ ಮುದ್ದು ಇದೆ.

ಆದರೂ ಆ ಹಂಸಗಳನ್ನು ಈ ಹವ್ಯಾಸದ ಅಜ್ಜಂದಿರು ಎನ್ನಲು ನನಗೆ ಮನಸ್ಸಿಲ್ಲ. ಅವು ಹಾಳೆಯಾಗಿ ಮಾಡಿದ ಫೆಲ್ಟನ್ನು ಕತ್ತರಿಸಿ, ಹೊಲಿದು, ತುಂಬಿ ಮಾಡಿದವು. ಇಂದಿನ ಬೆಕ್ಕಿನ ಮರಿಯಲ್ಲಿ ಕತ್ತರಿಯೂ ಇಲ್ಲ, ಹೊಲಿಗೆಯೂ ಇಲ್ಲ. ಇದರ ವಂಶ ಬೇರೆ.

ಉಣ್ಣೆ ತಾನಾಗಿ ಫೆಲ್ಟ್ ಆಗುವುದು ಹೇಗೆ ಎಂಬುದನ್ನು ಸ್ವೆಟರನ್ನು ಬಿಸಿನೀರಿನಲ್ಲಿ ವಾಷಿಂಗ್ ಮೆಷಿನ್ನಿಗೆ ಹಾಕಿ ಕಳಕೊಂಡವರೆಲ್ಲ ಬಲ್ಲರು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿ, ತೇವ, ಸೋಪು, ತಿಕ್ಕಾಟ ಸೇರಿದಾಗ ಒಂದರ ಹುರುಪೆ ಇನ್ನೊಂದಕ್ಕೆ ಸಿಕ್ಕಿ, ಬಾಚದ ತಲೆ ಜಡೆಗಟ್ಟಿದ ಹಾಗೆ ಆಗುತ್ತದೆ, ಆಮೇಲೆ ಬಿಡಿಸಲಾಗದು. ಕಾಶ್ಮೀರದ, ರಾಜಸ್ಥಾನದ ಟೋಂಕಿನ, ಕಚ್ಛದ ನಮದಾ ಆಗುವುದು ಹೀಗೆಯೇ. ಹೆಸರು ಪಾರ್ಸಿಯ ನಮದ್ ಎಂಬುದರಿಂದ ಬಂದದ್ದು. ಹಿಂಜಿದ ಉಣ್ಣೆಯನ್ನು ಚಾಪೆಯ ಮೇಲೆ ಹರಡಿ, ಸೋಪಿನ ನೀರು ಚಿಮುಕಿಸಿ, ಸುತ್ತಿ, ಕಾಲಿನಿಂದಲೋ ಮೊಣಕೈಯಿಂದಲೋ ಗಂಟೆಗಟ್ಟಲೆ ಒತ್ತಿ ಉರುಳಿಸುತ್ತಾರೆ. ಟೋಂಕ್, ಕಚ್ಛಗಳಲ್ಲಿ ಇದು ಪಿಂಜಾರ ಮನೆತನಗಳ ಕಸುಬು. ಹಾಸಿಗೆಗೆ ಹತ್ತಿ ಹಿಂಜಲು ಬಿಲ್ಲು ಹೊತ್ತು ಊರೂರಿಗೆ ಬರುತ್ತಿದ್ದ ಪಿಂಜಾರರನ್ನು ಉತ್ತರ ಕರ್ನಾಟಕದವರು ಮರೆತಿರಲಾರರು.

ಇಂಗ್ಲೆಂಡಿನ 19ನೇ ಶತಮಾನದ ಗಿರಣಿಗಳ ತೊಂದರೆ ಬೇರೆ ಥರದ್ದು. ಸೆಣಬು, ಕುದುರೆ ಕೂದಲು, ಹಳೆಯ ಬಟ್ಟೆ ಹರಿದು ಮಾಡಿದ ಚಿಂದಿ ನಾರು ಇಂಥವು ರಾಶಿ ಬೀಳುತ್ತಿದ್ದವು. ಸೆಣಬಿಗೆ ಹುರುಪೆಯೇ ಇಲ್ಲ. ಎಷ್ಟು ತುಳಿದರೂ ಹೆಣೆದುಕೊಳ್ಳುವುದಿಲ್ಲ. ಆಗ ಹುಟ್ಟಿದ್ದು ಸೂಜಿಯ ಯಂತ್ರ. ತ್ರಿಕೋನ ಮೈಯ ಸೂಜಿ, ಅದರ ಅಂಚುಗಳಲ್ಲಿ ಕೆಳಮುಖವಾದ ಸಣ್ಣ ಸಣ್ಣ ಕಚ್ಚುಗಳು. ಇಳಿಯುವಾಗ ಕಚ್ಚಿಗೆ ಸಿಕ್ಕ ಎಳೆಗಳನ್ನು ಒಳಕ್ಕೆ ಎಳೆದೊಯ್ಯುತ್ತದೆ, ಮೇಲೇಳುವಾಗ ಅಲ್ಲೇ ಬಿಟ್ಟು ಬರುತ್ತದೆ. ಹಲಗೆ ಸಾವಿರ ಸಲ ಏರಿ ಇಳಿದರೆ ಕೆಳಗೆ ಹರಡಿದ ಕಸದಂಥ ನಾರು ದಪ್ಪ ಹಾಸಾಗಿ ಹೊರಬರುತ್ತದೆ. ನೀರು ಬೇಡ, ಸೋಪು ಬೇಡ. ಕಾರಿನೊಳಗಿನ ಕಾರ್ಪೆಟ್, ಕಾರ್ಖಾನೆಯ ಹೊಗೆ ಸೋಸುವ ಬಟ್ಟೆ, ರಸ್ತೆಯ ಕೆಳಗೆ ಹಾಸುವ ಹಾಳೆ, ಹಾಸಿಗೆಯೊಳಗಿನ ತೆಂಗಿನ ನಾರಿನ ಪದರ, ಎಲ್ಲ ಇವತ್ತಿಗೂ ಹೀಗೆ ತಯಾರಾಗುತ್ತವೆ. ಒಟ್ಟಿನಲ್ಲಿ ಯಾರಿಗೂ ಬೇಡವಾದ ನಾರಿಗೆ ಒಂದು ಗತಿ ಕಾಣಿಸಲು ಹುಟ್ಟಿದ ಸೂಜಿ ಇದು. ಮುಂದೆ ಹೇಳುವ ಮಾತಿಗೆ ಇದು ನೆನಪಿರಲಿ.

ಆ ಹಲಗೆಯಿಂದ ಒಂದು ಸೂಜಿಯನ್ನು ಕಿತ್ತು ಕೈಯಲ್ಲಿ ಹಿಡಿದು ಚುಚ್ಚಿದರೆ ಏನಾಗುತ್ತದೆ ಎಂದು ನೋಡಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1980ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಡೇವಿಡ್ ಮತ್ತು ಎಲಿನೋರ್ ಸ್ಟಾನ್‌ವುಡ್ ದಂಪತಿ ಆ ಪ್ರಯೋಗ ಮಾಡಿದರೆಂದು ಈ ಕಲೆಯವರು ಒಪ್ಪಿಕೊಂಡಿದ್ದಾರೆ. ಒಂದೇ ಸೂಜಿಯಾದ್ದರಿಂದ ಹಾಸು ಮಾಡುವ ಬದಲು ಬೇಕಾದ ಕಡೆ ಬೇಕಾದಷ್ಟು ಚುಚ್ಚಬಹುದು. ಹೆಚ್ಚು ಚುಚ್ಚಿದಲ್ಲಿ ಗಟ್ಟಿ, ತಗ್ಗು. ಕಡಿಮೆ ಚುಚ್ಚಿದಲ್ಲಿ ಉಬ್ಬು. ಕಲ್ಲಿನಲ್ಲಿ ಶಿಲ್ಪಿ ತೆಗೆದು ತೆಗೆದು ಆಕಾರ ಕಾಣಿಸುತ್ತಾನೆ. ಇಲ್ಲಿ ತೆಗೆಯುವ ಮಾತೇ ಇಲ್ಲ, ಮೂಗು ಚಿಕ್ಕದಾಯಿತೆಂದರೆ ಒಂದು ಚಿಟಿಕೆ ಉಣ್ಣೆ ಇಟ್ಟು ಇನ್ನಷ್ಟು ಚುಚ್ಚಿದರಾಯಿತು. ಅವರಿಂದ ಕಲಿತ ಅಯಲಾ ತಲ್ಪಾಯ್ ಪುಸ್ತಕ ಬರೆದು ಇದನ್ನು ಹಬ್ಬಿಸಿದರು. ಆ ಪುಸ್ತಕದ ಹೆಸರಲ್ಲೇ ಕಾರ್ಖಾನೆಯಿಂದ ಕಲ್ಪನಾಲೋಕಕ್ಕೆ ಎಂಬ ಅರ್ಥ ಬರುತ್ತದೆ. ಆಮೇಲೆ ಜಪಾನಿನವರು ಇದನ್ನು ಎತ್ತಿಕೊಂಡು, ಪುಟ್ಟ ಪೊಟ್ಟಣದಲ್ಲಿ ಎಲ್ಲ ಸಾಮಾನು ಇಟ್ಟು ಮಾರುವ ಕಿಟ್‌ಗಳನ್ನಾಗಿ ಮಾಡಿದರು. ಭಾರತದ ನಗರಗಳಿಗೆ ಬಂದದ್ದೂ ಬಹುಪಾಲು ಆ ಪೊಟ್ಟಣದ ರೂಪದಲ್ಲೇ.

ಆ ಪೊಟ್ಟಣದೊಳಗಿನ ಬಣ್ಣದ ಉಣ್ಣೆ ಸಾಮಾನ್ಯವಾಗಿ ಮೆರಿನೋ, ರೇಷ್ಮೆಯಷ್ಟು ನಯ. ನನ್ನ ತಕರಾರು ಇರುವುದು ಇಲ್ಲಿಯೇ.

ಪುಣೆಯಲ್ಲಿರುವವರು ಘೋಂಗಡಿ ಎನ್ನುವುದು, ಹೈದರಾಬಾದಿನವರು ಗೊಂಗಡಿ ಎನ್ನುವುದು, ನಾವು ಕಂಬಳಿ ಎನ್ನುವುದು ಬರುವುದು ಒಂದೇ ಕುರಿಯಿಂದ. ಡೆಕ್ಕನಿ ಎಂಬ ಆ ತಳಿಯನ್ನು ಧನಗರರು, ಕುರುಮರು, ಕುರುಬರು ಸಾಕಿಕೊಂಡು ಬಂದಿದ್ದಾರೆ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಒರಟು, ಕೂದಲು ಬೆರೆತ, ಬಹುಮಟ್ಟಿಗೆ ಕಪ್ಪಾದ ಉಣ್ಣೆ. ಹೆಂಗಸರು ನೂತು, ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿಮಾಡಿ, ಗುಣಿಮಗ್ಗದಲ್ಲಿ ನೇಯ್ದರೆ ಮಳೆಗೂ ಚಳಿಗೂ ಆಗುವ ಕಂಬಳಿ. ಸೈನ್ಯದಿಂದ ಬರುತ್ತಿದ್ದ ಬೇಡಿಕೆ ಕುಸಿದ ಮೇಲೆ, ಅಗ್ಗದ ಅಕ್ರಿಲಿಕ್ ಹೊದಿಕೆ ಸಂತೆಗೆ ಬಂದ ಮೇಲೆ ಇದರ ಬೆಲೆ ಬಿದ್ದುಹೋಯಿತು. ಕತ್ತರಿಸುವ ಕೂಲಿಯೂ ಹುಟ್ಟದೆ ಕುರಿಗಾಹಿಗಳು ಉಣ್ಣೆಯನ್ನು ಹೊಲದಲ್ಲೇ ಬಿಸಾಡಿ ಹೋಗುವುದುಂಟು. ಮಾಂಸಕ್ಕೆ ಬೇಗ ಬೆಳೆಯುವ, ಉಣ್ಣೆಯಿಲ್ಲದ ಕುರಿಗಳ ಜೊತೆ ಬೆರಕೆ ಮಾಡುತ್ತಿರುವುದರಿಂದ ತಳಿಯೂ ಕರಗುತ್ತಿದೆ.

ಡೆಕ್ಕನಿ ಉಣ್ಣೆಯನ್ನು ಯಾರೂ ಮೆಚ್ಚದಿರುವುದಕ್ಕೆ ಕಾರಣ ಅದರ ಒರಟುತನ. ಸ್ವೆಟರಿಗೆ ಅದು ಚುಚ್ಚುತ್ತದೆ ನಿಜ. ಗೊಂಬೆಗೆ ಚುಚ್ಚಿದರೇನು? ಈ ಕೆಲಸದಲ್ಲಿ ಪಳಗಿದವರು ಒಳಗಿನ ತಿರುಳಿಗೆ ಮೆರಿನೋ ಬಳಸುವುದು ಕಡಿಮೆ. ಅದು ನುಣುಪಾಗಿದ್ದು ಗಟ್ಟಿಯಾಗಲು ಬಹಳ ಹೊತ್ತು ಹಿಡಿಯುತ್ತದೆ, ಸೂಜಿಯ ಗುರುತೂ ಉಳಿಯುತ್ತದೆ. ತುಸು ಒರಟಾದ ಉಣ್ಣೆ ಬೇಗ ಹಿಡಿದುಕೊಳ್ಳುತ್ತದೆ. ಸೆಣಬನ್ನೇ ಕಟ್ಟಿಹಾಕಿದ ಸೂಜಿಗೆ ಹಾವೇರಿಯ ಉಣ್ಣೆ ದೊಡ್ಡದಲ್ಲ.

ಇದರಿಂದ ಕುರುಬರ ಬದುಕು ನೇರವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಒಂದು ಬೆಕ್ಕಿನ ಮರಿಗೆ ಹಿಡಿ ಉಣ್ಣೆ ಸಾಕು, ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಬೇಕು. ಆದರೆ ಅಸ್ಟ್ರೇಲಿಯಾದ ಉಣ್ಣೆ ತರಿಸಿಕೊಂಡು ಊರಿನ ಪ್ರಾಣಿಗಳನ್ನು ಮಾಡುವಾಗ ಈ ಲೆಕ್ಕ ಗೊತ್ತಿರುವುದು ಒಳ್ಳೆಯದು.

ಮಾಡಿ ನೋಡಬೇಕೆನ್ನುವವರಿಗೆ ಎರಡು ಮಾತು. ಕುರಿಗಾಹಿಗಳಿಂದ ತಂದ ಉಣ್ಣೆಯಲ್ಲಿ ಮುಳ್ಳು, ಮಣ್ಣು, ಜಿಡ್ಡು ಇರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜದೆ ನೆನೆಸಿ ತೊಳೆದು, ಒಣಗಿಸಿ ಹಿಂಜಬೇಕು. ಸೂಜಿಯ ನಂಬರು ಕಡಿಮೆಯಾದಷ್ಟೂ ದಪ್ಪ. ಈ ಉಣ್ಣೆಗೆ 36ರಿಂದ ಶುರುಮಾಡಿ, ಮುಖದ ಕೆಲಸಕ್ಕೆ ಮಾತ್ರ 40ಕ್ಕೆ ಹೋಗಿ. ಕಪ್ಪು ಉಣ್ಣೆ ಬಣ್ಣ ಹಿಡಿಯುವುದಿಲ್ಲ ಎಂಬ ದೂರು ಇದ್ದೇ ಇದೆ. ಎಮ್ಮೆಗೆ, ಕಾಗೆಗೆ, ದರೋಜಿಯ ಕರಡಿಗೆ ಬಣ್ಣ ಹಾಕುವವರು ಯಾರು?