ದರಿಯಾ ದೌಲತಿನ ಪಡುಗೋಡೆ: ಒಂದು ಸಾಕ್ಷ್ಯದ ಪುನರ್ವಿಚಾರ

ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಕಾವೇರಿಯ ತೀರದಲ್ಲಿ, 1784ರಲ್ಲಿ ಸಿದ್ಧವಾದ ದರಿಯಾ ದೌಲತ್ ಬಾಗಿನ ಹುಲ್ಲುಹಾಸು, ಸಾಲುಮರ, ತೇಗದ ಕಂಬಗಳ ಬೇಸಗೆಯರಮನೆ ಇವುಗಳ ವರ್ಣನೆ ಸಾಕಷ್ಟು ಬಂದಿರುವುದರಿಂದ ಅದನ್ನು ಮತ್ತೆ ಬರೆಯಹೊರಡುವುದಿಲ್ಲ. ಹೆಸರನ್ನು ‘ಸಾಗರದ ಸಂಪತ್ತು’ ಎಂದು ಅನುವಾದಿಸಿ, ಈ ಬಯಲುಸೀಮೆಗೆ ಸಾಗರವೆಲ್ಲಿಂದ ಬಂತೆಂದು ಬೆರಗಾಗುವವರಿಗೆ, ಪಾರಸಿಯಲ್ಲಿ ‘ದರ್ಯಾ’ ಎಂದರೆ ನದಿಯೂ ಹೌದು, ಆಮೂ ದರ್ಯಾ ನದಿಯೇ ಹೊರತು ಕಡಲಲ್ಲ ಎಂದಷ್ಟೇ ನೆನಪಿಸುತ್ತೇನೆ. ನನ್ನ ವಿಷಯ ಪಡುಗೋಡೆಯ ಯುದ್ಧಚಿತ್ರ.

1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಹೈದರನೂ ಟಿಪ್ಪುವೂ ಇಂಗ್ಲಿಷ್ ಕಂಪನಿಯ ಕರ್ನಲ್ ಬೇಯ್ಲಿಯ ಪಡೆಯನ್ನು ಮುರಿದುದು ಅದರ ವಸ್ತು. ಹಿಂದಿನ ವಿದ್ವಾಂಸರೊಬ್ಬರು ಈ ಚಿತ್ರದ ಸಿಪಾಯಿಗಳ ಅಂಗಿ, ಟೋಪಿ, ಬಂದೂಕಗಳನ್ನು ಒಂದೊಂದಾಗಿ ಎಣಿಸಿ, ಅವೆಲ್ಲವೂ ಟಿಪ್ಪುವಿನ ಕಾಲದ ಕಣ್ಣಾರೆ ಕಂಡ ದಾಖಲೆಯೆಂದು ನಿರ್ಣಯಿಸಿದರು. ಅವರನ್ನು ಖಂಡಿಸಹೊರಟ ಮತ್ತೊಬ್ಬರು, ಇಡೀ ಚಿತ್ರವೇ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದ್ದೆಂದು ತಳ್ಳಿಹಾಕಿದರು. ಇಬ್ಬರೂ ಆಧರಿಸಿದುದು ಲೂಯಿ ರೈಸರ ಗೆಜೆಟಿಯರಿನ ಒಂದೇ ಭಾಗವನ್ನು. ಇಬ್ಬರೂ ಅದನ್ನು ಅರ್ಧ ಓದಿದರು.

ರೈಸರು ಹೇಳುವುದಿಷ್ಟು: 1799ರ ಮುತ್ತಿಗೆಗೆ ಮುನ್ನವೇ ಚಿತ್ರ ಕೆಟ್ಟಿತ್ತು, ಆ ಮುತ್ತಿಗೆಯ ತರುವಾಯ ಅಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದನು, ಆಮೇಲೆ ಅದರ ಮೇಲೆ ಸುಣ್ಣ ಬಳಿಯಲಾಯಿತು, ಕೊನೆಗೆ ಡಾಲ್‌ಹೌಸಿಯ ಆಜ್ಞೆಯಂತೆ, ಹಳೆಯ ಚಿತ್ರವನ್ನು ಬಲ್ಲ ದೇಶೀಯ ಕಲಾವಿದನೊಬ್ಬನು ಅದನ್ನು ಮತ್ತೆ ಬರೆದನು. ಈ ‘ಬಲ್ಲ’ ಎಂಬ ಮಾತಿನಲ್ಲಿಯೇ ತೊಡಕಿರುವುದು. ಡಾಲ್‌ಹೌಸಿ ಬಂದುದು 1855ರಲ್ಲಿ. ಆ ಕಲಾವಿದನು ಅರುವತ್ತರವನೆಂದು ಇಟ್ಟುಕೊಂಡರೂ 1799ರಲ್ಲಿ ಅವನು ನಾಲ್ಕು ವರ್ಷದ ಕೂಸು. ಎಪ್ಪತ್ತರವನೆಂದರೆ ಹದಿನಾಲ್ಕರ ಹುಡುಗ. ಎಂಬತ್ತರ ಮುದುಕನೊಬ್ಬನು ಅಟ್ಟಣೆಯೇರಿ ಇಷ್ಟು ದೊಡ್ಡ ಗೋಡೆಯನ್ನು ಬರೆದನೆಂಬುದು ಅಸಾಧ್ಯವೆನ್ನಲಾರೆ, ಆದರೆ ಅದರ ಮೇಲೆ ಸಿದ್ಧಾಂತ ಕಟ್ಟಲೂ ಒಪ್ಪಲಾರೆ. ಹಾಗಾದರೆ ಅವನ ನೆನಪಿನಲ್ಲಿದ್ದುದು ಬಹುಮಟ್ಟಿಗೆ ವೆಲ್ಲೆಸ್ಲಿಯ ಜೀರ್ಣೋದ್ಧಾರವೇ ಹೊರತು ಟಿಪ್ಪು ಬರೆಸಿದ ಮೂಲವಲ್ಲ. ಅಂಗಿಯ ಗುಂಡಿಗಳನ್ನೆಣಿಸಿ ಕಾಲನಿರ್ಣಯ ಮಾಡಿದವರ ವಾದ ಇಲ್ಲಿಗೆ ಬಿದ್ದಿತು.

ಎರಡನೆಯವರ ವಾದವನ್ನು ಬೀಳಿಸುವವನು ಫ್ರಾನ್ಸಿಸ್ ಬುಕಾನನ್. (ಕಂಪನಿಯ ನೌಕರನೆಂಬ ಒಂದೇ ಕಾರಣಕ್ಕೆ ಅವನನ್ನು ಬದಿಗೊತ್ತುವ ಪದ್ಧತಿ ನಮ್ಮಲ್ಲಿ ಬೆಳೆದಿದೆ, ಆ ಕಾಲದ ಮೈಸೂರಿನ ಹೊಲ, ಮಗ್ಗ, ಸಂತೆಗಳನ್ನು ಅವನಷ್ಟು ಶ್ರದ್ಧೆಯಿಂದ ಬರೆದಿಟ್ಟವರು ಯಾರೆಂದು ಅವರು ತೋರಿಸಲಿ.) 1800ರಲ್ಲಿ ಇಲ್ಲಿಗೆ ಬಂದ ಅವನು, ಹೈದರ್ ಟಿಪ್ಪುಗಳ ಮೆರವಣಿಗೆಯೂ ಬೇಯ್ಲಿಯ ಸೋಲೂ ಈ ಗೋಡೆಗಳ ಮೇಲಿದ್ದುದನ್ನು ಹೇಳುತ್ತಾನೆ. ಡಾಲ್‌ಹೌಸಿಗೆ ಐವತ್ತೈದು ವರ್ಷ ಹಿಂದೆಯೇ ವಸ್ತುವೆಲ್ಲವೂ ಅಲ್ಲಿದ್ದಿತು.

ಇನ್ನುಳಿದುದು, ಆ ವಸ್ತುವನ್ನು ವೆಲ್ಲೆಸ್ಲಿಯ ಕುಂಚವೇ ಕಲ್ಪಿಸಿರಬಹುದೆಂಬ ಸಂಶಯ. ಇದಕ್ಕೆ ಉತ್ತರವನ್ನು ಚಿತ್ರವೇ ಕೊಡುತ್ತದೆ. ಬಿಸಿಲು ತಡೆಯಲು ಇಳಿಬಿಟ್ಟ ಪರದೆಯ ಹಿಂದೆ, ಗೋಡೆಗೆ ಒಂದು ಮಾರು ದೂರದಲ್ಲಿ ನಿಂತು ನೋಡಿರಿ: ಕೆಂಪಂಗಿಯ ಸಿಪಾಯಿಗಳು ಚೌಕವಾಗಿ ನಿಂತಿದ್ದಾರೆ, ಮದ್ದಿನ ಬಂಡಿ ಸಿಡಿದಿದೆ, ನಡುವೆ ಪಾಲಕಿಯಲ್ಲಿ ಕುಳಿತ ಬೇಯ್ಲಿ ಬೆರಳನ್ನು ಬಾಯಿಗಿಟ್ಟುಕೊಂಡಿದ್ದಾನೆ. ಮೈಸೂರಿನವರ ಮುಖದ ಮೇಲೆ ಪೊಗದಸ್ತಾದ ಮೀಸೆ. ಆಂಗ್ಲರ ಮುಖಗಳು ನುಣುಪು. ಟಿಪ್ಪುವಾದರೋ ಆನೆಯ ಮೇಲೆ ಕುಳಿತು, ಯುದ್ಧ ತನಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ, ಹೂವೊಂದನ್ನು ಮೂಸುತ್ತಿದ್ದಾನೆ. ಬೇಯ್ಲಿ ಈ ದ್ವೀಪದಲ್ಲಿಯೇ ಸೆರೆಯಾಳಾಗಿ 1782ರಲ್ಲಿ ಸತ್ತನು. ಗೆದ್ದು ಪಟ್ಟಣವನ್ನು ಹಿಡಿದ ಪಡೆಯ ಸೇನಾನಿಯೊಬ್ಬನು, ತಾನು ವಾಸಿಸುವ ಮನೆಯ ಗೋಡೆಯ ಮೇಲೆ ತನ್ನವನ ಇಂಥ ಅವಮಾನವನ್ನು ಹೊಸದಾಗಿ ಕಲ್ಪಿಸಿ ಬರೆಯಿಸಿದನೆಂದು ಯಾರು ನಂಬುವರು? ಕಂಡುದನ್ನು ಕಂಡಂತೆ ಉಳಿಸಿದನೆಂಬುದೇ ಸಮಂಜಸ.

ಆದುದರಿಂದ ವ್ಯೂಹದ ರಚನೆ, ಆನೆ ಪಾಲಕಿಗಳ ಸ್ಥಾನ, ಆ ಬೆರಳು, ಆ ಹೂವು ಇವು ಟಿಪ್ಪುವಿನ ಕಾಲದವೆಂದು ನಾನು ಗ್ರಹಿಸುತ್ತೇನೆ. ಉಡುಪಿನ ಮಡಿಕೆ, ಬಂದೂಕದ ಆಕಾರ, ಬಣ್ಣದ ಛಾಯೆ ಇವುಗಳ ಮೇಲೆ, ಸುಣ್ಣದ ಪದರದ ಕೆಳಗೆ ಏನುಳಿದಿದೆಯೆಂದು ಪರೀಕ್ಷಿಸುವವರೆಗೆ, ಯಾವ ವಾದವನ್ನೂ ನಿಲ್ಲಿಸಲಾಗದು.